ಪಿಸ್ಟನ್ ರಿಂಗ್ ಬದಲಿಸುವುದು, ಬೋರ್ ಹೋನ್ ಮಾಡುವುದು: ಅಳತೆಯಿಂದ ಹಿಡಿದು ಮೊದಲ ಓಟದವರೆಗೆ

ಎಂಜಿನ್ ಆಯಿಲ್ ಕುಡಿಯುತ್ತಿದೆ, ಸೈಲೆನ್ಸರ್‌ನಿಂದ ನೀಲಿ ಹೊಗೆ ಬರುತ್ತಿದೆ, ಏರಿನಲ್ಲಿ ಮೊದಲಿನ ಎಳೆತ ಇಲ್ಲ. ಇಷ್ಟು ಹೇಳಿದ ಕೂಡಲೇ ಕೇಳಿದವರೆಲ್ಲ "ರಿಂಗ್ ಹೋಗಿದೆ" ಅನ್ನುತ್ತಾರೆ. ಹೋಗಿರಲೂಬಹುದು. ಪಿಸ್ಟನ್ ಸುತ್ತ ಕೂತು, ಅದು ಓಡಾಡುವ ಬೋರಿನ (ಸಿಲಿಂಡರ್ ರಂಧ್ರದ) ಗೋಡೆಗೆ ಒತ್ತಿಕೊಂಡು ಸಂದು ಮುಚ್ಚುವ ಲೋಹದ ಬಳೆಗಳೇ ಈ ರಿಂಗ್‌ಗಳು: ಮೇಲಿನ ಎರಡು ಒತ್ತಡ ಹಿಡಿಯುತ್ತವೆ, ಕೆಳಗಿನ ಆಯಿಲ್ ರಿಂಗ್ ಗೋಡೆಯ ಆಯಿಲ್ ಒರೆಸುತ್ತದೆ. ಆದರೆ ರಿಂಗ್ ಬದಲಿಸಬೇಕು ಅಂದರೆ ಹೆಡ್ ಬಿಚ್ಚಬೇಕು, ಆಯಿಲ್ ಪ್ಯಾನ್ ಇಳಿಸಬೇಕು, ಪಿಸ್ಟನ್ ಹೊರಗೆ ತೆಗೆಯಬೇಕು. ಇಷ್ಟು ದೊಡ್ಡ ಕೆಲಸಕ್ಕೆ ಕೈ ಹಾಕುವ ಮೊದಲು ಖಚಿತ ಮಾಡಿಕೊಳ್ಳುವುದು ಒಳ್ಳೆಯದು, ಅಲ್ವಾ?

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪಿಸ್ಟನ್‌ಗೆ ರಿಂಗ್ ತೊಡಿಸುವುದು ಈ ಕೆಲಸದಲ್ಲಿ ತುಂಬ ಸುಲಭದ ಭಾಗ. ಎಂಜಿನ್ ಬಾಳುತ್ತದೋ ಇಲ್ಲವೋ ಅನ್ನುವುದು ಬೇರೆ ಎರಡು ಕಡೆ ತೀರ್ಮಾನವಾಗುತ್ತದೆ: ಹೋನ್ ಮಾಡುವ (ಬೋರಿನ ಗೋಡೆಯನ್ನು ಸಾಣೆಕಲ್ಲಿನಿಂದ ಉಜ್ಜುವ) ಮೊದಲಿನ ಅಳತೆಯಲ್ಲಿ, ಹೋನ್ ಮಾಡಿದ ನಂತರದ ತೊಳೆಯುವಿಕೆಯಲ್ಲಿ. ಅವಸರದಲ್ಲಿ ಎಲ್ಲರೂ ಬಿಡುವುದು ಇವೆರಡನ್ನೇ. ಅದಕ್ಕೇ ಈ ಲೇಖನದಲ್ಲಿ ಅವಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಇಲ್ಲಿ ಹೇಳುವುದು ಮುಖ್ಯವಾಗಿ ಎರಕದ ಕಬ್ಬಿಣದ ಬೋರ್ ಇರುವ ಪೆಟ್ರೋಲ್ ಕಾರ್ ಎಂಜಿನ್‌ಗಳ ಬಗ್ಗೆ. ನಾನು ಕೊಡುವ ಅಂಕಿಗಳು ಸಾಮಾನ್ಯ ಅಂದಾಜು ಮಾತ್ರ. ನಿಮ್ಮ ಎಂಜಿನ್ನಿನ ಸರ್ವಿಸ್ ಮ್ಯಾನ್ಯುಯಲ್ ಹೇಳುವುದೇ ಕೊನೆಯ ಮಾತು. ಅದು ಕೈಯಲ್ಲಿಲ್ಲದೆ ಕೆಲಸ ಶುರು ಮಾಡಬೇಡಿ. ಬೋಲ್ಟ್‌ಗಳ ಟಾರ್ಕ್ (ಬಿಗಿಯುವ ಬಲ), ಬಿಗಿಯುವ ಕ್ರಮ, ರಿಂಗ್ ಗ್ಯಾಪ್ (ರಿಂಗಿನ ಎರಡು ತುದಿಗಳ ನಡುವಿನ ಸಂದು) ಇವನ್ನೆಲ್ಲ ಊಹೆಯ ಮೇಲೆ ಮಾಡಲು ಆಗುವುದಿಲ್ಲ.

ನಿಜವಾಗಿಯೂ ರಿಂಗೇ ಹೋಗಿದೆಯಾ?

ಹೊಗೆ ಯಾವಾಗ ಬರುತ್ತದೆ ಅಂತ ಮೊದಲು ಗಮನಿಸಿ. ರಾತ್ರಿಯಿಡೀ ನಿಂತ ಗಾಡಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಸಲ ನೀಲಿ ಹೊಗೆ ಬಿಟ್ಟು ಆಮೇಲೆ ಸುಮ್ಮನಾದರೆ ಅನುಮಾನ ವಾಲ್ವ್ ಸೀಲ್ ಮೇಲೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಬಂದು ಮತ್ತೆ ಒತ್ತಿದಾಗ ಹೊಗೆ ಬಂದರೂ ಹೆಚ್ಚಿನ ಸಲ ಅದೇ. ಲೋಡ್ ಮೇಲೆ ಎಳೆಯುವಾಗ ಬಿಡದೆ ನೀಲಿ ಹೊಗೆ ಬಂದರೆ, ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಒಳಗಿಂದ ಗಾಳಿ ಪುಸುಪುಸು ಅಂತ ನುಗ್ಗಿ ಬಂದರೆ, ರಿಂಗ್ ಕಡೆ ನೋಡಬೇಕು. ಪಿಸಿವಿ ವಾಲ್ವ್ (ಎಂಜಿನ್ ತಳದಲ್ಲಿ ಸೇರುವ ಗ್ಯಾಸನ್ನು ಇನ್‌ಟೇಕ್ ಕಡೆಗೆ ಬಿಡುವ ವಾಲ್ವ್) ಕಟ್ಟಿಕೊಂಡಿದ್ದರೂ ಎಂಜಿನ್ ಆಯಿಲ್ ಕುಡಿಯುತ್ತದೆ. ಅದನ್ನು ನೋಡಲು ಹೆಚ್ಚು ಹೊತ್ತು ಬೇಡ, ಮೊದಲು ಅದನ್ನು ನೋಡಿ. ಟರ್ಬೋ ಇರುವ ಎಂಜಿನ್ ಆದರೆ ಟರ್ಬೋ ಸೀಲ್ ಕೂಡ ಪಟ್ಟಿಯಲ್ಲಿರಲಿ.

ಆಮೇಲೆ ಕಂಪ್ರೆಶನ್ ಪರೀಕ್ಷೆ. ಎಂಜಿನ್ ಬಿಸಿಯಾಗಿರಬೇಕು, ಎಲ್ಲ ಸ್ಪಾರ್ಕ್ ಪ್ಲಗ್ ಹೊರಗಿರಬೇಕು, ಇಂಧನ ಮತ್ತು ಇಗ್ನಿಷನ್ ಎರಡನ್ನೂ ಕಡಿತ ಮಾಡಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿರಬೇಕು. ಒಂದೊಂದು ಸಿಲಿಂಡರಿಗೂ ಗೇಜ್ ಹಾಕಿ, ಮುಳ್ಳು ಏರುವುದು ನಿಲ್ಲುವವರೆಗೆ ಕ್ರ್ಯಾಂಕ್ ಮಾಡಿ, ಅಂದರೆ ಸ್ಟಾರ್ಟರ್‌ನಿಂದ ಎಂಜಿನ್ ತಿರುಗಿಸಿ. ಎಲ್ಲ ಸಿಲಿಂಡರ್‌ಗಳ ಅಂಕಿಯನ್ನೂ ಬರೆದಿಟ್ಟುಕೊಳ್ಳಿ. ಈಗ ಕಡಿಮೆ ಬಂದ ಸಿಲಿಂಡರಿಗೆ ಪ್ಲಗ್ ರಂಧ್ರದಿಂದ ಒಂದು ಚಮಚದಷ್ಟು ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಒತ್ತಡ ಚೆನ್ನಾಗಿ ಏರಿದರೆ ಸೋರಿಕೆ ರಿಂಗ್ ಕಡೆಯದು, ಏಕೆಂದರೆ ಆಯಿಲ್ ಸ್ವಲ್ಪ ಹೊತ್ತು ರಿಂಗ್ ಸುತ್ತ ಸಂದು ಮುಚ್ಚುತ್ತದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ನೋಡಿ. ಒಂದು ಎಚ್ಚರಿಕೆ: ಆಯಿಲ್ ರಿಂಗ್ ಮಾತ್ರ ಕಾರ್ಬನ್ ಕಟ್ಟಿಕೊಂಡು ಸಿಕ್ಕಿಹಾಕಿಕೊಂಡಿದ್ದರೆ ಕಂಪ್ರೆಶನ್ ಚೆನ್ನಾಗಿಯೇ ತೋರಿಸುತ್ತದೆ, ಎಂಜಿನ್ ಆಯಿಲ್ ಮಾತ್ರ ಕುಡಿಯುತ್ತಲೇ ಇರುತ್ತದೆ.

ಲೀಕ್‌ಡೌನ್ ಗೇಜ್ ಸಿಕ್ಕರೆ ಇನ್ನೂ ಒಳ್ಳೆಯದು. ಕಂಪ್ರೆಸರ್ ಗಾಳಿಯನ್ನು ಸಿಲಿಂಡರಿಗೆ ಬಿಟ್ಟು ಕಿವಿಗೊಟ್ಟರೆ ಸಾಕು. ಆಯಿಲ್ ಮುಚ್ಚಳದಲ್ಲಿ ಸದ್ದು ಬಂದರೆ ರಿಂಗ್. ಸೈಲೆನ್ಸರ್‌ನಲ್ಲಿ ಬಂದರೆ ಎಕ್ಸಾಸ್ಟ್ ವಾಲ್ವ್. ಏರ್ ಫಿಲ್ಟರ್ ಕಡೆ ಬಂದರೆ ಇನ್‌ಟೇಕ್ ವಾಲ್ವ್. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್, ಇಲ್ಲವೇ ಬಿರುಕು.

ಬಿಚ್ಚುವುದು

ಬ್ಯಾಟರಿ ಕೇಬಲ್ ತೆಗೆಯಿರಿ, ಕೂಲಂಟ್ ಮತ್ತು ಆಯಿಲ್ ಇಳಿಸಿ. ಗಾಡಿ ಎತ್ತಿದ ಮೇಲೆ ಸ್ಟ್ಯಾಂಡ್ ಕೊಡದೆ, ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ಕೆಲವು ಗಾಡಿಗಳಲ್ಲಿ ಎಂಜಿನ್ ಒಳಗೇ ಇಟ್ಟುಕೊಂಡು ಆಯಿಲ್ ಪ್ಯಾನ್ ಇಳಿಸಿ ಈ ಕೆಲಸ ಮಾಡಬಹುದು. ಆದರೆ ನನ್ನ ಅಭಿಪ್ರಾಯ ಸ್ಪಷ್ಟ: ಹೋನ್ ಮಾಡುವುದಿದ್ದರೆ ಎಂಜಿನ್ ಇಳಿಸಿ, ಕ್ರ್ಯಾಂಕ್ (ಪಿಸ್ಟನ್‌ಗಳ ಕೆಳಗೆ ತಿರುಗುವ ದಂಡ) ಕೂಡ ಹೊರಗೆ ತೆಗೆದು, ಖಾಲಿ ಬ್ಲಾಕ್ ಮೇಲೆ ಮಾಡಿ. ಕಾರಣ ತೊಳೆಯುವ ಹಂತಕ್ಕೆ ಬಂದಾಗ ಗೊತ್ತಾಗುತ್ತದೆ.

ಹೆಡ್ ಬೋಲ್ಟ್‌ಗಳನ್ನು ಬಿಗಿಯುವ ಕ್ರಮಕ್ಕೆ ತದ್ವಿರುದ್ಧವಾಗಿ, ಅಂದರೆ ಸಾಮಾನ್ಯವಾಗಿ ಹೊರಗಿನಿಂದ ಒಳಕ್ಕೆ, ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಎಂಜಿನ್ ಪೂರ್ತಿ ತಣ್ಣಗಿರಲಿ. ಬಿಸಿಯಲ್ಲಿ ಬಿಚ್ಚಿದರೆ ಅಲ್ಯುಮಿನಿಯಂ ಹೆಡ್ ಸೊಟ್ಟಗಾಗುತ್ತದೆ. ವೆಟ್ ಲೈನರ್ (ಹೊರಮೈಗೆ ಕೂಲಂಟ್ ತಾಗುವ, ಬಿಡಿಯಾಗಿ ಕೂರಿಸಿದ ಸಿಲಿಂಡರ್ ತೋಳು) ಇರುವ ಎಂಜಿನ್ ಆದರೆ ಹೆಡ್ ತೆಗೆದ ಕೂಡಲೇ ಲೈನರ್‌ಗಳನ್ನು ಕ್ಲ್ಯಾಂಪ್ ಹಾಕಿ ಹಿಡಿಸಿ. ಇಲ್ಲದಿದ್ದರೆ ಕ್ರ್ಯಾಂಕ್ ತಿರುಗಿಸಿದಾಗ ಲೈನರ್ ಮೇಲೆದ್ದು ಕೆಳಗಿನ ಸೀಲ್ ಹಾಳಾಗುತ್ತದೆ.

ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡ್ ಮತ್ತು ಅದರ ಕ್ಯಾಪ್ ಒಂದು ಜೋಡಿ. ಬಿಚ್ಚುವ ಮೊದಲೇ ಎರಡರ ಮೇಲೂ ಸಿಲಿಂಡರ್ ನಂಬರ್, ಯಾವ ಬದಿ ಮುಂದೆ ಅನ್ನುವುದನ್ನು ಪೇಂಟ್ ಮಾರ್ಕರ್‌ನಿಂದ ಬರೆಯಿರಿ. ಈಗಿನ ಬಹಳಷ್ಟು ರಾಡ್‌ಗಳನ್ನು ಒಂದೇ ತುಂಡಾಗಿ ಮಾಡಿ ಆಮೇಲೆ ಮುರಿದು ಎರಡು ಮಾಡಿರುತ್ತಾರೆ. ಮುರಿದ ಅಂಚಿನ ಒರಟು ಇನ್ನೊಂದು ಕ್ಯಾಪಿಗೆ ಕೂರುವುದೇ ಇಲ್ಲ. ಅದಲು ಬದಲಾಗಿ ಬಿಗಿದರೆ ರಾಡೂ ಹೋಯಿತು, ಕ್ಯಾಪೂ ಹೋಯಿತು.

ಪಿಸ್ಟನ್ ಮೇಲಕ್ಕೆ ತಳ್ಳುವ ಮೊದಲು ಬೋರಿನ ಬಾಯಿ ಹತ್ತಿರ ಉಗುರಿನಿಂದ ಸವರಿ ನೋಡಿ. ಮೇಲಿನ ರಿಂಗ್ ತಲುಪದ ಜಾಗದಲ್ಲಿ ಬೋರ್ ಸವೆಯುವುದಿಲ್ಲ, ಅಲ್ಲೊಂದು ಅಂಚು ಉಳಿಯುತ್ತದೆ. ಬರೀ ಕಾರ್ಬನ್ ಆಗಿದ್ದರೆ ಕೆರೆದು ತೆಗೆಯಬಹುದು. ಉಗುರು ಸಿಕ್ಕಿಕೊಳ್ಳುವಷ್ಟು ಲೋಹದ ಅಂಚೇ ಇದ್ದರೆ ರಿಡ್ಜ್ ರೀಮರ್‌ನಿಂದ ತೆಗೆಯಬೇಕು. ಹಾಗೇ ಬಿಟ್ಟು ಪಿಸ್ಟನ್ ಹೊಡೆದು ತೆಗೆದರೆ ಪಿಸ್ಟನ್ನಿನ ಲ್ಯಾಂಡ್, ಅಂದರೆ ರಿಂಗ್ ಕೂರುವ ಗ್ರೂವ್‌ಗಳ (ಕೊರಕಲುಗಳ) ನಡುವಿನ ದಿಂಡು, ಒಡೆಯಬಹುದು. ಇಷ್ಟು ದೊಡ್ಡ ಅಂಚು ಕಂಡರೆ ಬೋರ್ ಬಹಳ ಸವೆದಿದೆ ಅಂತಲೂ ಅರ್ಥ, ಮನಸ್ಸಿನಲ್ಲಿಟ್ಟುಕೊಳ್ಳಿ. ರಾಡಿನಲ್ಲೇ ಬೋಲ್ಟ್ ನಿಂತಿದ್ದರೆ ಅದಕ್ಕೆ ರಬ್ಬರ್ ಪೈಪಿನ ತುಂಡು ತೊಡಿಸಿ, ಕ್ರ್ಯಾಂಕ್ ಜರ್ನಲ್ (ರಾಡ್ ಕೂರುವ ನಯವಾದ ಭಾಗ) ಮೇಲೆ ಗೀರು ಬೀಳಬಾರದು. ಸುತ್ತಿಗೆಯ ಮರದ ಹಿಡಿಯಿಂದ ಮೆಲ್ಲಗೆ ತಳ್ಳಿದರೆ ಪಿಸ್ಟನ್ ಮೇಲೆ ಬರುತ್ತದೆ. ಕೆಳಗೆ ಪಿಸ್ಟನ್ನಿಗೆ ಆಯಿಲ್ ಚಿಮ್ಮಿಸುವ ಜೆಟ್ ಇರುವ ಎಂಜಿನ್‌ಗಳಲ್ಲಿ ರಾಡ್ ಅದಕ್ಕೆ ತಗಲದಂತೆ ನೋಡಿ, ಸ್ವಲ್ಪ ಬಾಗಿದರೂ ಜೆಟ್ ಗುರಿ ತಪ್ಪುತ್ತದೆ.

ಅಳತೆ: ಹೋನ್ ಸಾಕಾ, ಬೋರಿಂಗ್ ಬೇಕಾ?

ಬೋರ್ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಮೇಲ್ಭಾಗದಲ್ಲಿ ಬಿಸಿ ಜಾಸ್ತಿ, ಆಯಿಲ್ ಕಡಿಮೆ, ಉರಿಯುವ ಗ್ಯಾಸಿನ ಒತ್ತಡ ರಿಂಗನ್ನು ಗೋಡೆಗೆ ಒತ್ತುತ್ತದೆ. ಹಾಗಾಗಿ ಸವೆತ ಅಲ್ಲೇ ಹೆಚ್ಚು. ಜೊತೆಗೆ ರಾಡ್ ಓರೆಯಾಗಿ ತಳ್ಳುವುದರಿಂದ ಕ್ರ್ಯಾಂಕಿಗೆ ಅಡ್ಡಲಾದ ದಿಕ್ಕಿನಲ್ಲಿ ಗೋಡೆ ಇನ್ನಷ್ಟು ಸವೆಯುತ್ತದೆ. ಅಂದರೆ ಬೋರ್ ಮೇಲೆ ಅಗಲವಾಗಿ ಕೆಳಗೆ ಕಿರಿದಾಗಿರುತ್ತದೆ, ಜೊತೆಗೆ ದುಂಡು ಕೆಟ್ಟು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ.

ಹೀಗಾಗಿ ಒಂದು ಬೋರಿಗೆ ಕನಿಷ್ಠ 6 ಅಳತೆ ಬೇಕು: ಮೇಲೆ, ಮಧ್ಯ, ಕೆಳಗೆ, ಪ್ರತಿ ಎತ್ತರದಲ್ಲೂ ಕ್ರ್ಯಾಂಕ್ ಉದ್ದಕ್ಕೆ ಒಂದು, ಅದಕ್ಕೆ ಅಡ್ಡಲಾಗಿ ಒಂದು. ಬೋರ್ ಗೇಜನ್ನು ಮೈಕ್ರೋಮೀಟರಿನಲ್ಲಿ ಹಿಡಿದು ಸೊನ್ನೆಗೆ ಹೊಂದಿಸಿ, ಬೋರಿನೊಳಗೆ ಇಳಿಸಿ ಹಿಂದೆ ಮುಂದೆ ಮೆಲ್ಲಗೆ ತೂಗಿಸಿ. ಮುಳ್ಳು ಒಂದು ಕಡೆ ಹೋಗುತ್ತಾ ಹೋಗುತ್ತಾ ನಿಂತು ವಾಪಸ್ ತಿರುಗುತ್ತದೆ. ಆ ತಿರುಗುವ ಜಾಗದ ಅಂಕಿಯೇ ನಿಜವಾದ ಅಳತೆ, ಏಕೆಂದರೆ ಗೇಜ್ ನೇರ ನಿಂತಾಗ ಮಾತ್ರ ಓದು ಅತಿ ಚಿಕ್ಕದಾಗಿರುತ್ತದೆ.

ಬೋರ್ ಗೇಜ್ ಇಲ್ಲದವರಿಗೂ ಒಂದು ದಾರಿ ಇದೆ. ಹೊಸ ರಿಂಗ್ ಒಂದನ್ನು ಬೋರಿನೊಳಗೆ ಹಾಕಿ, ಪಿಸ್ಟನ್ ತಲೆಕೆಳಗು ಮಾಡಿ ಅದರಿಂದ ತಳ್ಳಿ ನೇರ ಕೂರಿಸಿ. ಮೇಲೆ ಸವೆತ ಹೆಚ್ಚಿರುವ ಜಾಗದಲ್ಲಿ ಗ್ಯಾಪನ್ನು ಫೀಲರ್ ಗೇಜಿನಿಂದ (ಗೊತ್ತಾದ ದಪ್ಪದ ತೆಳು ಪಟ್ಟಿಗಳಿಂದ) ಅಳೆಯಿರಿ. ಆಮೇಲೆ ರಿಂಗನ್ನು ಅದರ ಓಟದ ತಳಕ್ಕೆ ತಳ್ಳಿ ಮತ್ತೆ ಅಳೆಯಿರಿ. ಎರಡರ ವ್ಯತ್ಯಾಸವನ್ನು 3.14 ರಿಂದ ಭಾಗಿಸಿದರೆ ಬೋರಿನ ವ್ಯಾಸದ ವ್ಯತ್ಯಾಸ ಸಿಗುತ್ತದೆ. ಉದಾಹರಣೆಗೆ ಕೆಳಗೆ 0.30 ಮಿಮೀ, ಮೇಲೆ 0.61 ಮಿಮೀ ಬಂದರೆ ವ್ಯತ್ಯಾಸ 0.31, ಅಂದರೆ ಬೋರ್ ಮೇಲೆ ಸುಮಾರು 0.10 ಮಿಮೀ ಅಗಲ. ದುಂಡು ಕೆಟ್ಟಿರುವುದು ಇದರಲ್ಲಿ ಗೊತ್ತಾಗುವುದಿಲ್ಲ, ಅದೊಂದು ಕೊರತೆ.

ಇದೇ ಲೆಕ್ಕ ಇನ್ನೊಂದು ವಿಷಯವನ್ನೂ ತೋರಿಸುತ್ತದೆ. ಸವೆದ ಬೋರಿನಲ್ಲಿ ಹೊಸ ರಿಂಗ್ ಪ್ರತಿ ಸಲ ಮೇಲೆ ಹೋದಾಗ ಅಗಲವಾಗಬೇಕು, ಕೆಳಗೆ ಬಂದಾಗ ಕುಗ್ಗಬೇಕು. ನಿಮಿಷಕ್ಕೆ 3000 ಸುತ್ತಿನಲ್ಲಿ ಅದು ಸೆಕೆಂಡಿಗೆ 50 ಸಲ. ಎಷ್ಟೇ ಒಳ್ಳೆಯ ರಿಂಗ್ ಆದರೂ ಈ ಕುಣಿತದಲ್ಲಿ ಸರಿಯಾಗಿ ಸೀಲ್ ಮಾಡುವುದಿಲ್ಲ, ಜೊತೆಗೆ ಪಿಸ್ಟನ್ ಗ್ರೂವನ್ನೂ ಸವೆಸುತ್ತದೆ. "ಬರೀ ರಿಂಗ್ ಹಾಕಿದೆವು, ಸ್ವಲ್ಪ ದಿನಕ್ಕೆ ಮತ್ತೆ ಹೊಗೆ ಶುರು" ಅನ್ನುವ ಕತೆಯ ಹಿಂದೆ ಇರುವುದು ಹೆಚ್ಚಾಗಿ ಇದೇ.

ಮೊಟ್ಟೆಯಾಕಾರವಾಗಲಿ, ಮೇಲೆ ಕೆಳಗಿನ ವ್ಯತ್ಯಾಸವಾಗಲಿ 0.05 ಮಿಮೀ ಒಳಗಿದ್ದರೆ ಸಾಮಾನ್ಯವಾಗಿ ಹೋನ್ ಮಾಡಿ ಹೊಸ ರಿಂಗ್ ಹಾಕಬಹುದು. 0.10 ಮಿಮೀ ಹತ್ತಿರ ಬಂದಿದ್ದರೆ ಕೈ ಹೋನಿನಿಂದ ಪ್ರಯೋಜನವಿಲ್ಲ. ಬ್ಲಾಕನ್ನು ಮಷಿನ್ ಶಾಪಿಗೆ ಕೊಟ್ಟು ಬೋರಿಂಗ್ (ಬೋರನ್ನು ಕೊರೆದು ಅಗಲ ಮಾಡುವುದು) ಮಾಡಿಸಿ, 0.25 ಅಥವಾ 0.50 ಮಿಮೀ ಓವರ್‌ಸೈಜ್ ಪಿಸ್ಟನ್ ಮತ್ತು ರಿಂಗ್ ಹಾಕಬೇಕು. ಪಿಸ್ಟನ್ನಿನ ಅಳತೆಯನ್ನೂ ತೆಗೆದುಕೊಳ್ಳಿ, ಪಿನ್ನಿಗೆ (ರಾಡ್ ಜೋಡಿಸುವ ಕಡ್ಡಿಗೆ) ಅಡ್ಡಲಾಗಿ, ಸ್ಕರ್ಟ್ (ಪಿಸ್ಟನ್ನಿನ ಕೆಳಗಿನ ಗೋಡೆ) ಮೇಲೆ, ಮ್ಯಾನ್ಯುಯಲ್ ಹೇಳಿದ ಎತ್ತರದಲ್ಲಿ. ಉಗುರಿಗೆ ಸಿಗುವ ಉದ್ದುದ್ದ ಗೀರುಗಳಿದ್ದರೆ ಅಳತೆ ಚೆನ್ನಾಗಿದ್ದರೂ ಬೋರಿಂಗ್ ಕಡೆಗೇ ಹೋಗಿ.

ಕಬ್ಬಿಣದ ಲೈನರ್ ಇಲ್ಲದ ಅಲ್ಯುಮಿನಿಯಂ ಬ್ಲಾಕ್ ನಿಮ್ಮದಾಗಿದ್ದರೆ ಇಲ್ಲೇ ನಿಲ್ಲಿಸಿ. ನಿಕಾಸಿಲ್ ಲೇಪನ, ಆಲುಸಿಲ್ ಎರಕ, ಪ್ಲಾಸ್ಮಾ ಸ್ಪ್ರೇ ಮಾಡಿದ ಬೋರ್, ಇವಕ್ಕೆಲ್ಲ ಬೇರೆಯೇ ವಿಧಾನ, ಬೇರೆಯೇ ಕಲ್ಲು. ಮಾಮೂಲಿ ಹೋನ್ ಹಾಕಿದರೆ ಮೇಲ್ಮೈ ಹಾಳಾಗುತ್ತದೆ.

ಹೋನಿಂಗ್

ಬಳಸಿದ ಬೋರ್ ಗಾಜಿನ ಹಾಗೆ ಹೊಳೆಯುತ್ತಿರುತ್ತದೆ. ನೋಡಲು ಚೆಂದ, ಹೊಸ ರಿಂಗಿಗೆ ಮಾತ್ರ ಒಳ್ಳೆಯದಲ್ಲ. ರಿಂಗ್ ಮತ್ತು ಗೋಡೆ ಒಂದನ್ನೊಂದು ಸ್ವಲ್ಪ ತಿಕ್ಕಿ ಹೊಂದಿಕೊಳ್ಳಬೇಕು, ಹಾಗೆ ತಿಕ್ಕುವಾಗ ನಡುವೆ ಆಯಿಲ್ ಇರಬೇಕು. ಎರಡಕ್ಕೂ ಬೇಕಾಗಿರುವುದು ಗೋಡೆಯ ಮೇಲೆ ಒಂದನ್ನೊಂದು ಕತ್ತರಿಸುವ ಸಣ್ಣ ಓರೆ ಗೆರೆಗಳು, ಅಂದರೆ ಕ್ರಾಸ್‌ಹ್ಯಾಚ್.

ಕೈ ಡ್ರಿಲ್ಲಿಗೆ ಹಾಕುವ ಹೋನ್ ಎರಡು ಬಗೆ. ಸ್ಪ್ರಿಂಗ್ ಕಾಲಿನ ಮೂರು ಕಲ್ಲಿನದು ಒಂದು, ತಂತಿ ತುದಿಗಳಲ್ಲಿ ಗುಂಡುಗಳಿರುವ ಬಾಲ್ ಹೋನ್ ಇನ್ನೊಂದು. ಅಳತೆ ಸರಿ ಇರುವ ಬೋರಿನ ಹೊಳಪು ತೆಗೆಯಲು ನಾನು ಬಾಲ್ ಹೋನನ್ನೇ ಇಷ್ಟಪಡುತ್ತೇನೆ. ಅದು ಬೋರಿನ ಆಕಾರವನ್ನು ಹಿಂಬಾಲಿಸುತ್ತದೆ, ಹೊಸಬರ ಕೈಯಲ್ಲೂ ಹೆಚ್ಚು ಕೆಡಿಸುವುದಿಲ್ಲ. ಕಲ್ಲಿನ ಒರಟುತನ ರಿಂಗಿಗೆ ತಕ್ಕಂತಿರಬೇಕು. ಸಾದಾ ಕಬ್ಬಿಣದ ರಿಂಗ್ ಅಥವಾ ಕ್ರೋಮ್ ರಿಂಗಿಗೆ 220 ಗ್ರಿಟ್ ಆಸುಪಾಸು, ಮಾಲಿಬ್ಡಿನಮ್ ಲೇಪನದ ರಿಂಗಿಗೆ 280 ಅಥವಾ ಇನ್ನೂ ನಯ. ರಿಂಗ್ ಸೆಟ್ಟಿನ ಜೊತೆ ಬರುವ ಚೀಟಿಯಲ್ಲಿ ಹೇಳಿದ್ದರೆ ಅದನ್ನೇ ಪಾಲಿಸಿ.

ಈಗ ಡ್ರಿಲ್ಲಿನ ವೇಗ. ಇಲ್ಲಿ ಅವಸರವೇ ಶತ್ರು. ಗೆರೆಗಳ ಕೋನ ನಿರ್ಧಾರವಾಗುವುದು ಡ್ರಿಲ್ ಸುತ್ತುವ ವೇಗ ಮತ್ತು ನಿಮ್ಮ ಕೈ ಮೇಲೆ ಕೆಳಗೆ ಆಡುವ ವೇಗ ಇವೆರಡರ ನಡುವಿನ ಲೆಕ್ಕದಿಂದ. 75 ಮಿಮೀ ಬೋರಿನಲ್ಲಿ ಮೂರು ಕಲ್ಲಿನ ಹೋನ್ ನಿಮಿಷಕ್ಕೆ 150 ಸುತ್ತು ತಿರುಗಿದರೆ ಕಲ್ಲು ಗೋಡೆಯ ಮೇಲೆ ನಿಮಿಷಕ್ಕೆ ಸುಮಾರು 35 ಮೀಟರ್ ಓಡುತ್ತದೆ. ಗೆರೆಗಳು 45 ಡಿಗ್ರಿಯಲ್ಲಿ ಕತ್ತರಿಸಬೇಕಾದರೆ ಕೈ ನಿಮಿಷಕ್ಕೆ ಸುಮಾರು 14.6 ಮೀಟರ್ ಚಲಿಸಬೇಕು. ಒಂದು ಎಳೆತಕ್ಕೆ 100 ಮಿಮೀ ಅಂದುಕೊಂಡರೆ ಮೇಲೆ ಕೆಳಗೆ ಸೇರಿ ನಿಮಿಷಕ್ಕೆ 73 ಸಲ, ಅಂದರೆ ಸೆಕೆಂಡಿಗೆ ಒಂದಕ್ಕಿಂತ ಸ್ವಲ್ಪ ಜಾಸ್ತಿ. ಇದು ಕೈಗೆ ಆಗುವ ಕೆಲಸ. ಅದೇ ಡ್ರಿಲ್ಲನ್ನು 500 ಸುತ್ತಿಗೆ ಏರಿಸಿದರೆ ಕೈ ಸೆಕೆಂಡಿಗೆ ನಾಲ್ಕು ಸಲ ಮೇಲೆ ಕೆಳಗೆ ಆಡಬೇಕು. ಯಾರ ಕೈಯಲ್ಲೂ ಆಗದು. ಆಗ ಗೆರೆಗಳು ಮಲಗಿ ಹೆಚ್ಚುಕಡಿಮೆ ಅಡ್ಡಗೆರೆಗಳಾಗುತ್ತವೆ, ರಿಂಗ್ ಅವುಗಳ ಮೇಲೆ ಕುಪ್ಪಳಿಸುತ್ತದೆ, ಎಂಜಿನ್ ಆಯಿಲ್ ತಿನ್ನುತ್ತದೆ. ಗೆರೆ ತೀರಾ ಕಡಿದಾಗಿದ್ದರೆ ಆಯಿಲ್ ಗೋಡೆಯಲ್ಲಿ ನಿಲ್ಲದೆ ಇಳಿದುಹೋಗುತ್ತದೆ. ಬಾಲ್ ಹೋನಿಗೆ ತಯಾರಕರು ಹೇಳುವ ವೇಗ ಬೇರೆ ಇರಬಹುದು, ಲೆಕ್ಕದ ತತ್ವ ಮಾತ್ರ ಅದೇ.

ಬ್ಲಾಕ್ ಒಳಗೆ ಕ್ರ್ಯಾಂಕ್ ಇದ್ದರೆ ದಪ್ಪ ಬಟ್ಟೆ, ಪ್ಲಾಸ್ಟಿಕ್ ಹಾಕಿ ಪೂರ್ತಿ ಮುಚ್ಚಿ. ಹೋನ್ ಮತ್ತು ಗೋಡೆ ಎರಡಕ್ಕೂ ಹೋನಿಂಗ್ ಆಯಿಲ್ ಧಾರಾಳವಾಗಿ ಹಾಕಿ. ಹೋನನ್ನು ಒಳಗಿಟ್ಟು ಡ್ರಿಲ್ ಚಾಲೂ ಮಾಡಿದ ಕ್ಷಣದಿಂದ ಕೈ ಮೇಲೆ ಕೆಳಗೆ ಆಡುತ್ತಲೇ ಇರಬೇಕು. ಒಂದೇ ಜಾಗದಲ್ಲಿ ನಿಂತರೆ ಅಲ್ಲೊಂದು ಉಂಗುರ ಕೊರೆದುಬಿಡುತ್ತದೆ. ಬೋರಿನ ಎರಡೂ ತುದಿಯಲ್ಲಿ ಕಲ್ಲು ಸ್ವಲ್ಪ ಹೊರಗೆ ಬಂದು ಹೋಗಲಿ, ಆದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೇಡ. ಹೆಚ್ಚಾದರೆ ಬೋರಿನ ಬಾಯಿ ಅಗಲವಾಗುತ್ತದೆ. ಕೆಳಗೆ ಬ್ಲಾಕಿನ ಎರಕಕ್ಕೆ ಕಲ್ಲು ಬಡಿದರೆ ಚೂರಾಗುತ್ತದೆ, ಅದನ್ನೂ ನೋಡಿಕೊಳ್ಳಿ.

ಸುಮಾರು 15 ಸೆಕೆಂಡ್ ಓಡಿಸಿ, ಹೋನ್ ತಿರುಗುತ್ತಿರುವಾಗಲೇ ಹೊರಗೆ ಎಳೆದು, ಒರೆಸಿ ನೋಡಿ. ಮೂರು ಕಲ್ಲಿನ ಹೋನ್ ಆದರೆ ಕಾಲುಗಳು ಸಿಡಿದು ತೆರೆದುಕೊಳ್ಳುತ್ತವೆ, ಹೊರಗೆ ಬರುವ ಹೊತ್ತಿಗೆ ವೇಗ ತಗ್ಗಿಸಿ, ಕನ್ನಡಕ ಹಾಕಿಕೊಂಡಿರಿ. ಹೊಳಪು ಎಲ್ಲ ಕಡೆ ಹೋಗಿ ಬೂದು ಬಣ್ಣದ ಮಂಕು ಮೇಲ್ಮೈ, ಅದರ ಮೇಲೆ ಓರೆ ಗೆರೆಗಳು ಕಂಡರೆ ಸಾಕು, ನಿಲ್ಲಿಸಿ. ಇನ್ನೂ ಹೊಳೆಯುವ ತೇಪೆಗಳಿದ್ದರೆ ಆ ಜಾಗ ಸವೆದು ತಗ್ಗಾಗಿದೆ ಎಂದು ಅರ್ಥ. ಅದನ್ನು ಹೋಗಿಸಲು ಹಟ ಹಿಡಿದು ಉಜ್ಜುತ್ತಾ ಹೋದರೆ ಪಿಸ್ಟನ್ ಕ್ಲಿಯರೆನ್ಸ್ (ಪಿಸ್ಟನ್ ಮತ್ತು ಗೋಡೆಯ ನಡುವಿನ ಸಂದು) ಹೆಚ್ಚುತ್ತದೆ. ಹೋನ್ ಮುಗಿದ ಮೇಲೆ ಬೋರನ್ನು ಮತ್ತೊಮ್ಮೆ ಅಳೆಯಿರಿ.

ತೊಳೆಯುವುದು

ಹೋನ್ ಮಾಡಿದ ಬೋರಿನ ಗೆರೆಗಳ ಒಳಗೆಲ್ಲ ಈಗ ಕಲ್ಲಿನ ಪುಡಿ, ಕಬ್ಬಿಣದ ಪುಡಿ ತುಂಬಿಕೊಂಡಿದೆ. ಕಲ್ಲಿನ ಪುಡಿ ರಿಂಗಿಗಿಂತ ಗಟ್ಟಿ. ಇದು ಆಯಿಲ್ ಜೊತೆ ಬೆರೆತರೆ ಹೊಸ ರಿಂಗ್, ಪಿಸ್ಟನ್ ಸ್ಕರ್ಟ್, ಬೇರಿಂಗ್ ಎಲ್ಲವನ್ನೂ ಉಜ್ಜಿ ಹಾಕುತ್ತದೆ.

ಪೆಟ್ರೋಲ್ ಅಥವಾ ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಒರೆಸಿ ಮುಗಿಸುವ ಅಭ್ಯಾಸ ತುಂಬ ಕಡೆ ಇದೆ. ಸಾಲದು. ಅವು ಎಣ್ಣೆಯ ಜಿಡ್ಡನ್ನು ಕರಗಿಸುತ್ತವೆ, ಆರಿದ ಮೇಲೆ ಪುಡಿ ಗೆರೆಯೊಳಗೇ ಉಳಿಯುತ್ತದೆ. ಪುಡಿಯನ್ನು ಎತ್ತಿ ಹೊರಗೆ ತರುವುದು ಸೋಪು ನೀರು. ಬಿಸಿ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಧಾರಾಳವಾಗಿ ಹಾಕಿ, ಗಟ್ಟಿ ನೈಲಾನ್ ಬ್ರಷ್‌ನಿಂದ ಬೋರನ್ನು ಗೆರೆಗಳ ದಿಕ್ಕಿನಲ್ಲೇ ತಿರುಚುತ್ತಾ ಉಜ್ಜಿ. ನೊರೆ ಬೂದು ಬಣ್ಣಕ್ಕೆ ತಿರುಗುತ್ತದೆ. ನೀರು ಚೆಲ್ಲಿ ಹೊಸ ಸೋಪು ನೀರು ಹಾಕಿ ಮತ್ತೆ ಉಜ್ಜಿ. ನೊರೆ ಬಿಳಿಯಾಗಿಯೇ ಉಳಿಯುವವರೆಗೆ ಬಿಡಬೇಡಿ. ಆಯಿಲ್ ಹರಿಯುವ ದಾರಿಗಳ ಪ್ಲಗ್ ತೆಗೆದು ಅವಕ್ಕೂ ಸಣ್ಣ ಉದ್ದ ಬ್ರಷ್ ಹಾಕಿ, ಬೋಲ್ಟ್ ರಂಧ್ರಗಳನ್ನೂ ಬಿಡಬೇಡಿ. ಕ್ರ್ಯಾಂಕ್ ಒಳಗಿದ್ದರೆ ಇಷ್ಟು ನೀರು ಸುರಿದು ತೊಳೆಯುವುದು ಹೇಗೆ ಸಾಧ್ಯ? ಖಾಲಿ ಬ್ಲಾಕ್ ಮೇಲೆ ಮಾಡಿ ಅಂದಿದ್ದು ಇದಕ್ಕೇ.

ಕೊನೆಗೆ ಶುದ್ಧ ನೀರು ಹಾಯಿಸಿ, ಕಂಪ್ರೆಸರ್ ಗಾಳಿಯಿಂದ ಕೂಡಲೇ ಒಣಗಿಸಿ. ಕೂಡಲೇ ಅಂದರೆ ಕೂಡಲೇ. ಜಿಡ್ಡು ಹೋದ ಎರಕದ ಕಬ್ಬಿಣ ನೋಡನೋಡುತ್ತಲೇ ತುಕ್ಕು ಹಿಡಿಯುತ್ತದೆ. ಬಿಳಿ ಬಟ್ಟೆಗೆ ಸ್ವಲ್ಪ ತೆಳು ಎಣ್ಣೆ ಹಚ್ಚಿ ಗೋಡೆಯನ್ನು ಒತ್ತಿ ಒರೆಸಿ. ಬಟ್ಟೆ ಬೂದಾದರೆ ಮತ್ತೆ ಸೋಪು ನೀರಿಗೆ ವಾಪಸ್. ಬಟ್ಟೆ ಬಿಳಿಯಾಗಿಯೇ ಬಂದ ಮೇಲೆ ಬೋರಿಗೆ ಹೊಸ ಎಂಜಿನ್ ಆಯಿಲ್ ಸವರಿ, ಬ್ಲಾಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಡಿ. ಬೇಸರವಾಗುವಷ್ಟು ಹೊತ್ತು ಹಿಡಿಯುತ್ತದೆ, ಒಪ್ಪುತ್ತೇನೆ. ಆದರೂ ಇಡೀ ಕೆಲಸದಲ್ಲಿ ಒಂದನ್ನು ಮಾತ್ರ ಸರಿಯಾಗಿ ಮಾಡಲು ಸಮಯವಿದೆ ಅಂತಾದರೆ ನಾನು ಆರಿಸುವುದು ಇದನ್ನೇ.

ಪಿಸ್ಟನ್ ಮತ್ತು ರಿಂಗ್ ಗ್ಯಾಪ್

ಹಳೆಯ ರಿಂಗ್ ತೆಗೆದ ಮೇಲೆ ಗ್ರೂವ್‌ಗಳಲ್ಲಿ ಗಟ್ಟಿಯಾಗಿ ಕೂತ ಕಾರ್ಬನ್ ಕಾಣುತ್ತದೆ. ಹಳೆಯ ರಿಂಗನ್ನೇ ಮುರಿದು ಅದರ ತುದಿಯಿಂದ ಕೆರೆಯಬಹುದು, ಆದರೆ ಕಾರ್ಬನ್ ಮಾತ್ರ ಬರಬೇಕು, ಅಲ್ಯುಮಿನಿಯಂ ಅಲ್ಲ. ತಂತಿ ಬ್ರಷ್ ಬೇಡ. ಆಯಿಲ್ ರಿಂಗಿನ ಗ್ರೂವಿನಲ್ಲಿ ಸಣ್ಣ ರಂಧ್ರಗಳಿರುತ್ತವೆ. ಗೋಡೆಯಿಂದ ಒರೆಸಿದ ಆಯಿಲ್ ಒಳಗೆ ವಾಪಸ್ ಹೋಗುವ ದಾರಿ ಅದು. ಬಹಳ ಎಂಜಿನ್‌ಗಳು ಆಯಿಲ್ ಕುಡಿಯಲು ಈ ರಂಧ್ರಗಳು ಮುಚ್ಚಿಹೋಗಿರುವುದೇ ಕಾರಣ. ಒಂದೊಂದರಲ್ಲೂ ಬೆಳಕು ಕಾಣುವವರೆಗೆ ಬಿಡಿಸಿ. ಆಮೇಲೆ ಹೊಸ ರಿಂಗನ್ನು ಗ್ರೂವಿನಲ್ಲಿಟ್ಟು ಪಕ್ಕದ ಸಂದು ನೋಡಿ, 0.03 ರಿಂದ 0.07 ಮಿಮೀ ಇದ್ದರೆ ಚೆನ್ನ. 0.10 ದಾಟಿದರೆ ಪಿಸ್ಟನ್ನೇ ಬದಲಿಸುವ ಯೋಚನೆ ಮಾಡಿ.

ರಿಂಗ್ ತುದಿಗಳ ಗ್ಯಾಪನ್ನು ಪ್ರತಿ ರಿಂಗಿಗೂ, ಅದು ಕೂರುವ ಬೋರಿನಲ್ಲೇ ಅಳೆಯಬೇಕು. ಬೋರ್ ಅತಿ ಕಡಿಮೆ ಸವೆದಿರುವ ಕೆಳಭಾಗದಲ್ಲೂ ನೋಡಿ, ಗ್ಯಾಪ್ ಅಲ್ಲಿ ಅತಿ ಚಿಕ್ಕದು. ಮಾಮೂಲಿ ಓಟದ ಪೆಟ್ರೋಲ್ ಎಂಜಿನ್‌ನಲ್ಲಿ ಮೇಲಿನ ರಿಂಗಿಗೆ ಬೋರ್ ವ್ಯಾಸದ ಪ್ರತಿ ಮಿಮೀಗೆ 0.004 ಮಿಮೀ ಎಂಬ ಲೆಕ್ಕ ಬಳಕೆಯಲ್ಲಿದೆ, 75 ಮಿಮೀ ಬೋರಿಗೆ 0.30. ಎರಡನೆಯದಕ್ಕೆ ಹೆಚ್ಚಾಗಿ ಇದಕ್ಕಿಂತ ಸ್ವಲ್ಪ ಜಾಸ್ತಿ. ಗ್ಯಾಪ್ ತುಸು ದೊಡ್ಡದಾದರೆ ಸ್ವಲ್ಪ ಒತ್ತಡ ಸೋರುತ್ತದೆ, ಅಷ್ಟೇ. ಚಿಕ್ಕದಾದರೆ ರಿಂಗ್ ಬಿಸಿಯಲ್ಲಿ ಹಿಗ್ಗಿ ಎರಡು ತುದಿ ತಾಗುತ್ತವೆ. ಆಮೇಲೆ ಹಿಗ್ಗಲು ಜಾಗವಿಲ್ಲ. ಬೋರ್ ಗೀರುತ್ತದೆ, ಪಿಸ್ಟನ್ನಿನ ಲ್ಯಾಂಡ್ ಒಡೆಯುತ್ತದೆ. ಹಾಗಾಗಿ ಚಿಕ್ಕದಿದ್ದರೆ ನಯ ಅರದಿಂದ ಒಂದೇ ತುದಿಯನ್ನು, ಹೊರಮೈಯಿಂದ ಒಳಮೈಯ ಕಡೆಗೆ ಉಜ್ಜಿ ಸರಿ ಮಾಡಿ. ಹಿಂದೆ ಮುಂದೆ ಉಜ್ಜಿದರೆ ಹೊರಮೈಯ ಲೇಪನ ಎದ್ದು ಬರುತ್ತದೆ. ಉಜ್ಜಿದ ಅಂಚಿನ ಸಣ್ಣ ಮುಳ್ಳುಗಳನ್ನು ಎಣ್ಣೆಕಲ್ಲಿನಿಂದ ತೆಗೆಯಿರಿ.

ರಿಂಗ್ ತೊಡಿಸಿ ಪಿಸ್ಟನ್ ಇಳಿಸುವುದು

ಕೆಳಗಿನಿಂದ ಶುರು ಮಾಡಿ. ಮೊದಲು ಆಯಿಲ್ ರಿಂಗಿನ ಅಲೆಅಲೆಯ ಎಕ್ಸ್‌ಪ್ಯಾಂಡರ್. ಅದರ ಎರಡು ತುದಿ ಎದುರುಬದುರು ತಾಗಿ ನಿಲ್ಲಬೇಕು, ಒಂದರ ಮೇಲೊಂದು ಏರಬಾರದು. ನಂತರ ಅದರ ಮೇಲೂ ಕೆಳಗೂ ತೆಳ್ಳನೆಯ ಎರಡು ಪಟ್ಟಿಗಳು, ಅವನ್ನು ಕೈಯಲ್ಲೇ ಸುತ್ತಿ ಕೂರಿಸಬಹುದು. ಎರಡನೇ ಮತ್ತು ಮೇಲಿನ ರಿಂಗಿಗೆ ರಿಂಗ್ ಅಗಲಿಸುವ ಇಕ್ಕಳ (ಅದಕ್ಕೂ ರಿಂಗ್ ಎಕ್ಸ್‌ಪ್ಯಾಂಡರ್ ಅನ್ನುತ್ತಾರೆ) ಬಳಸಿ, ಬೇಕಾದಷ್ಟೇ ಅಗಲಿಸಿ. ಕೈಯಲ್ಲಿ ತಿರುಚಿ ಹಾಕಿದರೆ ರಿಂಗ್ ಸೊಟ್ಟಗಾಗುತ್ತದೆ. ರಿಂಗ್ ಮೇಲೆ ಚುಕ್ಕೆ ಅಥವಾ ಅಕ್ಷರದ ಗುರುತು ಇದ್ದರೆ ಅದು ಮೇಲ್ಮುಖವಾಗಿರಬೇಕು. ಎರಡನೇ ರಿಂಗನ್ನು ತಲೆಕೆಳಗಾಗಿ ಹಾಕಿದರೆ ಆಯಿಲ್ ಒರೆಸಿ ಕೆಳಗೆ ತರುವ ಬದಲು ಮೇಲಕ್ಕೆ ದಾಟಿಸುತ್ತದೆ. ಎಲ್ಲ ಮಾಡಿಯೂ ಹೊಗೆ ನಿಲ್ಲದಿರಲು ಇದೊಂದು ಸಾಕು.

ಗ್ಯಾಪ್‌ಗಳು ಒಂದರ ಕೆಳಗೊಂದು ಬರಬಾರದು. ಮೇಲಿನ ಎರಡರ ಗ್ಯಾಪನ್ನು ದೂರ ದೂರ ಇಡಿ, ಆಯಿಲ್ ಪಟ್ಟಿಗಳದ್ದನ್ನು ಬೇರೆ ದಿಕ್ಕಿಗೆ. ರಾಡ್ ಓರೆಯಾಗಿ ಒತ್ತುವ ಬದಿಯಲ್ಲಿ ಯಾವ ಗ್ಯಾಪೂ ಬೇಡ. ಮ್ಯಾನ್ಯುಯಲ್ಲಿನ ಚಿತ್ರ ನೋಡಿಯೇ ಹೊಂದಿಸಿ.

ಪಿಸ್ಟನ್, ರಿಂಗ್, ಬೋರ್, ರಿಂಗ್ ಕಂಪ್ರೆಸರ್ (ರಿಂಗ್‌ಗಳನ್ನು ಸುತ್ತಲೂ ಅದುಮಿ ಹಿಡಿಯುವ ತೋಳು) ಎಲ್ಲಕ್ಕೂ ಎಂಜಿನ್ ಆಯಿಲ್ ಹಚ್ಚಿ. ರಾಡಿಗೆ ಹೊಸ ಬೇರಿಂಗ್ ಶೆಲ್ ಕೂರಿಸಿ. ಆ ಸಿಲಿಂಡರಿನ ಜರ್ನಲ್ ಪೂರ್ತಿ ಕೆಳಗಿರಲಿ. ಪಿಸ್ಟನ್ ಮೇಲಿನ ಬಾಣ ಅಥವಾ ಗುರುತು ಮ್ಯಾನ್ಯುಯಲ್ ಹೇಳಿದ ಕಡೆಗಿರಲಿ, ಹೆಚ್ಚಿನ ಎಂಜಿನ್‌ಗಳಲ್ಲಿ ಅದು ಟೈಮಿಂಗ್ ಬದಿ. ರಿಂಗ್ ಕಂಪ್ರೆಸರನ್ನು ಬ್ಲಾಕಿಗೆ ಚೆನ್ನಾಗಿ ಅಂಟಿಸಿ ಹಿಡಿದು, ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ. ಪಿಸ್ಟನ್ ಒಂದೇ ಸಮ ಇಳಿಯುತ್ತದೆ. ನಡುವೆ ತಟ್ಟನೆ ನಿಂತರೆ ಜೋರಾಗಿ ಹೊಡೆಯಬೇಡಿ. ಒಂದು ರಿಂಗ್ ಕಂಪ್ರೆಸರ್‌ನಿಂದ ಜಾರಿ ಬ್ಲಾಕ್ ಅಂಚಿಗೆ ಸಿಕ್ಕಿದೆ. ಹೊರಗೆ ತೆಗೆದು ಮತ್ತೆ ಮೊದಲಿನಿಂದ ಮಾಡಿ. ಇನ್ನೊಂದು ಏಟು ಕೊಟ್ಟರೆ ರಿಂಗ್ ಮುರಿಯುವುದು ಖಂಡಿತ.

ರಾಡ್ ಕ್ಯಾಪ್ ಹಾಕಿ ಟಾರ್ಕ್ ರೆಂಚ್‌ನಿಂದ ಬಿಗಿಯಿರಿ. ಡಿಗ್ರಿ ಲೆಕ್ಕದಲ್ಲಿ ಬಿಗಿಯುವ ಬೋಲ್ಟ್ ಆದರೆ ಮ್ಯಾನ್ಯುಯಲ್ ಮರುಬಳಕೆಗೆ ಒಪ್ಪದ ಹೊರತು ಹೊಸದನ್ನೇ ಹಾಕಿ. ಒಂದೊಂದು ಪಿಸ್ಟನ್ ಹಾಕಿದ ಮೇಲೂ ಕ್ರ್ಯಾಂಕನ್ನು ಒಂದು ಸುತ್ತು ಕೈಯಲ್ಲಿ ತಿರುಗಿಸಿ ನೋಡಿ. ಬಿಗಿ ಸ್ವಲ್ಪ ಸ್ವಲ್ಪವೇ ಹೆಚ್ಚಬೇಕು. ಒಂದರಲ್ಲಿ ಇದ್ದಕ್ಕಿದ್ದಂತೆ ಗಟ್ಟಿಯಾದರೆ ತಪ್ಪು ಅದೇ ಸಿಲಿಂಡರಿನಲ್ಲಿದೆ, ಹುಡುಕುವುದು ಸುಲಭ.

ಹೆಡ್ ಸಮತಟ್ಟಾಗಿದೆಯೇ ಅಂತ ನೇರ ಪಟ್ಟಿ ಮತ್ತು ಫೀಲರ್ ಗೇಜಿನಿಂದ ನೋಡಿ, ಹೊಸ ಗ್ಯಾಸ್ಕೆಟ್ ಹಾಕಿ. ಬ್ಲಾಕಿನ ಹೆಡ್ ಬೋಲ್ಟ್ ರಂಧ್ರಗಳಲ್ಲಿ ಆಯಿಲ್ ಅಥವಾ ನೀರು ನಿಂತಿದ್ದರೆ ಗಾಳಿ ಹೊಡೆದು ಖಾಲಿ ಮಾಡಿ. ನಿಂತ ದ್ರವದ ಮೇಲೆ ಬೋಲ್ಟ್ ಬಿಗಿದರೆ ಬ್ಲಾಕ್ ಬಿರುಕು ಬಿಡಬಹುದು. ಟೈಮಿಂಗ್ ಗುರುತುಗಳನ್ನು ಹೊಂದಿಸಿದ ಮೇಲೆ ಕ್ರ್ಯಾಂಕನ್ನು ಕೈಯಲ್ಲಿ ಪೂರ್ತಿ ಎರಡು ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಕೂಡುತ್ತವೆಯೇ ನೋಡಿ.

ಮೊದಲ ಸ್ಟಾರ್ಟ್, ಮೊದಲ ಓಟ

ಹೊಸ ಆಯಿಲ್, ಹೊಸ ಫಿಲ್ಟರ್, ಕೂಲಂಟ್ ತುಂಬಿ. ಇಂಧನ ಮತ್ತು ಇಗ್ನಿಷನ್ ಕಡಿತ ಮಾಡಿ, ಪ್ಲಗ್ ತೆಗೆದು, ಆಯಿಲ್ ದೀಪ ಆರುವವರೆಗೆ ಬಿಟ್ಟು ಬಿಟ್ಟು ಕ್ರ್ಯಾಂಕ್ ಮಾಡಿ. ಆಮೇಲೆ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ. ಆರಂಭದಲ್ಲಿ ಹೊಗೆ ಬರುತ್ತದೆ, ಗಾಬರಿ ಬೇಡ, ಅದು ನೀವೇ ಹಚ್ಚಿದ ಆಯಿಲ್. ಆಯಿಲ್ ಒತ್ತಡ, ಬಿಸಿ, ಸೋರಿಕೆ ನೋಡಿಕೊಂಡು ಬೇಗ ರಸ್ತೆಗೆ ಇಳಿಸಿ. ಸುಮ್ನೆ ಐಡ್ಲಿಂಗ್‌ನಲ್ಲಿ ಗಂಟೆಗಟ್ಟಲೆ ಓಡಿಸುವುದು ಹೊಸ ರಿಂಗಿಗೆ ಕೆಟ್ಟದ್ದು.

ಕಾರಣ ಇದು. ರಿಂಗ್ ಗೋಡೆಗೆ ಒತ್ತಿಕೊಳ್ಳುವುದು ತನ್ನ ಸ್ಪ್ರಿಂಗ್ ಬಲದಿಂದ ಮಾತ್ರವಲ್ಲ. ಉರಿಯುವ ಗ್ಯಾಸ್ ರಿಂಗಿನ ಹಿಂದೆ ಗ್ರೂವಿನೊಳಗೆ ನುಗ್ಗಿ ಅದನ್ನು ಹೊರಗೆ ತಳ್ಳುತ್ತದೆ. ಲೋಡ್ ಇಲ್ಲದಿದ್ದರೆ ಆ ಒತ್ತಡ ತುಂಬ ಕಡಿಮೆ. ರಿಂಗ್ ಗೆರೆಗಳ ಮೇಲ್ತುದಿಯನ್ನು ಸವರಿ ಕೂರುವುದಿಲ್ಲ, ಗೋಡೆಯ ಆಯಿಲ್ ಸುಟ್ಟು ಮತ್ತೆ ಅದೇ ಗಾಜಿನ ಹೊಳಪು ಕಟ್ಟುತ್ತದೆ. ಹೋನ್ ಮಾಡಿದ್ದೆಲ್ಲ ವ್ಯರ್ಥ.

ಎಂಜಿನ್ ಬಿಸಿಯಾದ ಮೇಲೆ, ವಾಹನಗಳ ದಟ್ಟಣೆ ಇಲ್ಲದ ರಸ್ತೆಯಲ್ಲಿ, ಮೂರನೇ ಗೇರಿನಲ್ಲಿ ಕಡಿಮೆ ವೇಗದಿಂದ ಮಧ್ಯಮ ವೇಗದವರೆಗೆ ಗಟ್ಟಿಯಾಗಿ ಎಳೆಸಿ, ಆದರೆ ಪೂರ್ತಿ ಒತ್ತಬೇಡಿ. ಆಮೇಲೆ ಕಾಲು ತೆಗೆದು ಗೇರಿನಲ್ಲೇ ನಿಧಾನಕ್ಕೆ ಬಿಡಿ. ಎಳೆಯುವಾಗ ಒತ್ತಡ ರಿಂಗನ್ನು ಗೋಡೆಗೆ ಕೂರಿಸುತ್ತದೆ. ಬಿಟ್ಟಾಗ ಸಿಲಿಂಡರಿನ ಸೆಳೆತ ಆಯಿಲನ್ನು ಮೇಲೆ ತಂದು ಸವೆದ ಪುಡಿಯನ್ನು ತೊಳೆಯುತ್ತದೆ. ಹೀಗೆ ಹತ್ತು ಸಲ ಮಾಡಿ. ಮೊದಲ 100 ಕಿಮೀ ಒಳಗೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ತೆಗೆದ ಆಯಿಲನ್ನು ಬಿಸಿಲಿಗೆ ಹಿಡಿದು ನೋಡಿ. ನಯವಾದ ಬೆಳ್ಳಿ ಪುಡಿ ಸ್ವಲ್ಪ ಇದ್ದರೆ ಸಹಜ, ಚೂರುಗಳು ಕಂಡರೆ ಓಡಿಸುವುದು ನಿಲ್ಲಿಸಿ. 1000 ಕಿಮೀವರೆಗೆ ಒಂದೇ ವೇಗದಲ್ಲಿ ಉದ್ದ ಓಟ ಬೇಡ, ಭಾರ ಎಳೆಯುವುದು ಬೇಡ. ಅಲ್ಲಿಯವರೆಗೆ ಡಿಪ್‌ಸ್ಟಿಕ್ ಆಗಾಗ ನೋಡುತ್ತಿರಿ, ಆಯಿಲ್ ಸ್ವಲ್ಪ ಇಳಿಯಬಹುದು. 1000 ಕಿಮೀ ಆದಾಗ ಮತ್ತೊಮ್ಮೆ ಆಯಿಲ್ ಬದಲಿಸಿ. ಮೊದಲು ಮಾಡಿದ ಹಾಗೆಯೇ ಬಿಸಿ ಎಂಜಿನ್‌ನಲ್ಲಿ, ಅದೇ ಗೇಜಿನಿಂದ ಕಂಪ್ರೆಶನ್ ಅಳೆದು, ಹಳೆಯ ಅಂಕಿಗಳ ಪಕ್ಕದಲ್ಲೇ ಬರೆಯಿರಿ.